ಕರೆಂಟ್ ಹೋಯಿತು, ರೆಕಾರ್ಡ್ ಎರಡಾಯಿತು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಒಂದೇ ವಿಷಯದ್ದು. ರಾಶಿ ರಾಶಿ ರೆಕಾರ್ಡ್‌ಗಳನ್ನು ವೆಬ್ ಎಪಿಐ ಮೂಲಕ ಸೇರಿಸುವುದು, ತಿದ್ದುವುದು, ಅಳಿಸುವುದು. ಹೊಸಬರಿಗಾಗಿ ಒಂದು ಮಾತು: ವೆಬ್‌ಸೈಟಿನಲ್ಲಿ ನಾವು ಬಟನ್ ಒತ್ತಿ ಮಾಡುವ ಕೆಲಸವನ್ನು ನಮ್ಮ ಪ್ರೋಗ್ರಾಂ ನೇರವಾಗಿ ಸರ್ವರ್‌ಗೆ ಹೇಳಿ ಮಾಡಿಸಿಕೊಳ್ಳುವ ದಾರಿಗೆ ಎಪಿಐ ಅನ್ನುತ್ತಾರೆ. ಅಷ್ಟು ಗೊತ್ತಿದ್ದರೆ ಸಾಕು, ಮುಂದೆ ಓದಬಹುದು.

ಪ್ರಶ್ನೆ: ಮೇಡಂ, ನಮ್ಮ ಕಡೆಯ 12 ತೋಟದವರು ಸೇರಿ ಹಳೆಯ ಮಳೆ ಪುಸ್ತಕಗಳನ್ನು ಕಂಪ್ಯೂಟರಿಗೆ ಹಾಕುತ್ತಿದ್ದೇವೆ. ಹತ್ತು ವರ್ಷದ ದಿನದಿನದ ಲೆಕ್ಕ ಟೈಪ್ ಆಗಿದೆ. ಅದನ್ನು ಎಪಿಐ ಮೂಲಕ ಆನ್‌ಲೈನ್ ಡೇಟಾಬೇಸಿಗೆ ಕಳಿಸುವಾಗ ಮಧ್ಯದಲ್ಲಿ ಕರೆಂಟ್ ಹೋಗುತ್ತದೆ, ಇಲ್ಲವೇ ನೆಟ್‌ವರ್ಕ್ ಹೋಗುತ್ತದೆ. ಮತ್ತೆ ಕಳಿಸಿದರೆ ಎಷ್ಟೋ ರೆಕಾರ್ಡ್‌ಗಳು ಎರಡೆರಡು ಸಲ ಬಂದು ಕೂರುತ್ತವೆ. ಒಂದು ಜುಲೈ ತಿಂಗಳ ಮಳೆ ದುಪ್ಪಟ್ಟಾಗಿದೆ. ಏನು ಮಾಡಲಿ?
(ಕಾಫಿ ಬೆಳೆಗಾರ, ನಾಪೋಕ್ಲು)

ಉತ್ತರ: ನಾಪೋಕ್ಲುವಿನ ಜುಲೈ ಮಳೆ ದುಪ್ಪಟ್ಟಾದರೂ ಯಾರಿಗೂ ಅನುಮಾನ ಬರುವುದಿಲ್ಲ, ಅದೇ ತೊಂದರೆ! ಫೆಬ್ರವರಿಯದಾಗಿದ್ದರೆ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಲೆಕ್ಕ ಬಾಯಿಪಾಠ ಇರುವ ಯಾರಾದರೂ ಕೂಡಲೇ ಹಿಡಿಯುತ್ತಿದ್ದರು.

ನೀವು ರೆಕಾರ್ಡ್‌ಗಳನ್ನು ಪೋಸ್ಟ್ ವಿಧಾನದಲ್ಲಿ ಕಳಿಸುತ್ತಿದ್ದೀರಿ. ಐಡಿ ಕೊಡುವ ಕೆಲಸವನ್ನು ಸರ್ವರ್‌ಗೆ ಬಿಟ್ಟಿದ್ದೀರಿ. ಪೋಸ್ಟ್ ಅಂದರೆ ಸಾಮಾನ್ಯವಾಗಿ ‘ಇದನ್ನು ಹೊಸದಾಗಿ ಸೇರಿಸು’ ಅಂತ. ಎರಡು ಸಲ ಹೇಳಿದರೆ ಎರಡು ಸಲ ಸೇರಿಸುತ್ತದೆ, ಸರ್ವರ್ ತಪ್ಪೇನೂ ಇಲ್ಲ. ನೆಟ್‌ವರ್ಕ್ ಹೋದದ್ದು ನಿಮ್ಮ ರಿಕ್ವೆಸ್ಟ್ ಅಲ್ಲಿಗೆ ಮುಟ್ಟುವ ಮುಂಚೆಯೋ, ಅಥವಾ ಕೆಲಸ ಮುಗಿದು ಉತ್ತರ ವಾಪಸ್ ಬರುವಾಗಲೋ? ನಾಪೋಕ್ಲುವಿನಲ್ಲಿ ಕೂತು ನೋಡಿದರೆ ಎರಡೂ ಒಂದೇ ಥರ ಕಾಣುತ್ತದೆ. ಹಾಗಾಗಿ ‘ಮುಟ್ಟಿತಾ ಇಲ್ಲವಾ’ ಎಂದು ತಲೆ ಕೆಡಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಎಷ್ಟು ಸಲ ಕಳಿಸಿದರೂ ಒಂದೇ ಫಲ ಬರುವ ಹಾಗೆ ಕಳಿಸಬೇಕು.

ಅದಕ್ಕೆ ಐಡಿ ನಿಮ್ಮದೇ ಇರಬೇಕು. ಮಳೆ ಲೆಕ್ಕಕ್ಕೆ ಇದು ಸುಲಭ. ಒಂದು ತೋಟಕ್ಕೆ ಒಂದು ದಿನಕ್ಕೆ ಒಂದೇ ಅಂಕಿ. ತೋಟದ ನಂಬರು, ತಾರೀಕು ಸೇರಿಸಿದರೆ ಐಡಿ ಆಯಿತು: ‘07-2019-08-08’. ಇದನ್ನು ಪುಟ್ ವಿಧಾನದಲ್ಲಿ ಕಳಿಸಿ. ಪುಟ್ ಅಂದರೆ ‘ಈ ಐಡಿಯ ಜಾಗದಲ್ಲಿ ಇದು ಇರಲಿ’. ಇಲ್ಲದಿದ್ದರೆ ಸೇರಿಸುತ್ತದೆ, ಇದ್ದರೆ ಅದರ ಮೇಲೇ ಬರೆಯುತ್ತದೆ. ಇದು ನನ್ನ ಅಭಿಪ್ರಾಯವಲ್ಲ, ವೆಬ್‌ನಲ್ಲಿ ಪ್ರೋಗ್ರಾಂ, ಸರ್ವರ್ ಮಾತಾಡಿಕೊಳ್ಳುವ ರೀತಿಯಾದ ಎಚ್‌ಟಿಟಿಪಿಯ 2022ರ ಮಾನದಂಡವೇ ಗೆಟ್ (ತಂದುಕೊಡು), ಪುಟ್, ಡಿಲೀಟ್ (ಅಳಿಸು) ಮೂರನ್ನೂ ಮತ್ತೆ ಮತ್ತೆ ಕಳಿಸಿದರೂ ಅಪಾಯವಿಲ್ಲದ ಗುಂಪಿಗೆ ಸೇರಿಸಿದೆ. ಪೋಸ್ಟ್, ಪ್ಯಾಚ್ (ಸ್ವಲ್ಪ ಮಾತ್ರ ತಿದ್ದು) ಎರಡೂ ಆ ಗುಂಪಿನಲ್ಲಿಲ್ಲ.

ಕೆಲವು ಸೇವೆಗಳು ನಮ್ಮ ಐಡಿಯನ್ನು ಒಪ್ಪುವುದಿಲ್ಲ, ತಾವೇ ಕೊಡುತ್ತವೆ. ಆನ್‌ಲೈನ್ ಡೇಟಾಬೇಸ್ ಸೇವೆಯಾದ ಏರ್‌ಟೇಬಲ್ ಆ ಥರದ್ದು. ಅಲ್ಲಿ ಅಪ್‌ಸರ್ಟ್ ಎಂಬ ಸೌಲಭ್ಯ ಇದೆ. ‘ತೋಟ ಮತ್ತು ತಾರೀಕು ಎರಡೂ ಹೊಂದಿದರೆ ಹಳೆಯದನ್ನೇ ತಿದ್ದು, ಹೊಂದದಿದ್ದರೆ ಹೊಸದು ಮಾಡು’ ಎಂದು ಹೇಳಬಹುದು. ಕೈಪಿಡಿಯಲ್ಲಿ ಮೊದಲು ಈ ಪದವನ್ನೇ ಹುಡುಕಿ.

ಇನ್ನು ಒಂದೊಂದೇ ಕಳಿಸಬೇಕಾ, ಕಂತೆ ಕಟ್ಟಿ ಕಳಿಸಬೇಕಾ? ಲೆಕ್ಕ ಹಾಕೋಣ. 12 ತೋಟ, 10 ವರ್ಷ ಅಂದರೆ ಸುಮಾರು 43,800 ರೆಕಾರ್ಡ್. ಏರ್‌ಟೇಬಲ್ ಒಂದು ಬೇಸ್‌ಗೆ (ಅಲ್ಲಿನ ಒಂದು ಡೇಟಾಬೇಸಿಗೆ) ಸೆಕೆಂಡಿಗೆ 5 ರಿಕ್ವೆಸ್ಟ್ ಮಾತ್ರ ತೆಗೆದುಕೊಳ್ಳುತ್ತದೆ. ಒಂದೊಂದೇ ಕಳಿಸಿದರೆ ಎರಡೂವರೆ ಗಂಟೆ ಹತ್ತಿರ ಬೇಕು. ಒಂದು ರಿಕ್ವೆಸ್ಟಿನಲ್ಲಿ 10 ರೆಕಾರ್ಡ್ ತನಕ ಕಳಿಸಲು ಬಿಡುತ್ತದೆ. ಹಾಗೆ ಮಾಡಿದರೆ ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಮಳೆಗಾಲದಲ್ಲಿ ಕಾಲು ಗಂಟೆ ಕರೆಂಟ್ ಸಿಗುವುದು ಸಾಧ್ಯ, ಎರಡೂವರೆ ಗಂಟೆ ಕೇಳಬೇಡಿ. ಬೇರೆ ಸೇವೆಗಳ ಮಿತಿ ಬೇರೆ. ಅಮೆಜಾನಿನ ಡೈನಮೋಡಿಬಿಯಲ್ಲಿ ಒಂದು ಸಲಕ್ಕೆ 25 ಬರೆಯಬಹುದು, ಸೇಲ್ಸ್‌ಫೋರ್ಸ್‌ನಲ್ಲಿ 200. ಮಿತಿ ಮೀರಿ ವೇಗವಾಗಿ ಕಳಿಸಿದರೆ 429 ಎಂಬ ಉತ್ತರ ಬರುತ್ತದೆ. ಅದಕ್ಕೆ ಹೆದರಬೇಕಿಲ್ಲ, ‘ಸ್ವಲ್ಪ ತಡೆ’ ಎಂದಷ್ಟೇ ಅರ್ಥ. ಎಷ್ಟು ತಡೆಯಬೇಕು ಎಂದು ಎಷ್ಟೋ ಸಲ ಉತ್ತರದಲ್ಲೇ ಬರೆದಿರುತ್ತದೆ.

ಕಂತೆ ಕಳಿಸುವವರು ಕೇಳಲೇಬೇಕಾದ ಪ್ರಶ್ನೆ ಬೇರೆಯೇ ಇದೆ, ಹೆಚ್ಚಿನವರು ಕೇಳುವುದಿಲ್ಲ: ಹತ್ತರಲ್ಲಿ ಒಂದು ಕೆಟ್ಟಿದ್ದರೆ ಉಳಿದ ಒಂಬತ್ತರ ಗತಿ ಏನು? ಕೆಲವು ಸೇವೆಗಳು ಇಡೀ ಕಂತೆಯನ್ನೇ ವಾಪಸ್ ಎಸೆಯುತ್ತವೆ. ಕೆಲವು ಒಂಬತ್ತನ್ನು ಇಟ್ಟುಕೊಂಡು ಒಂದನ್ನು ಬಿಡುತ್ತವೆ. ಸೇಲ್ಸ್‌ಫೋರ್ಸ್ ಯಾವುದು ಬೇಕು ಎಂದು ನಮ್ಮನ್ನೇ ಕೇಳುತ್ತದೆ. ಡೈನಮೋಡಿಬಿ ತನಗೆ ಆಗದೆ ಉಳಿದವುಗಳ ಪಟ್ಟಿಯನ್ನು ವಾಪಸ್ ಕೊಡುತ್ತದೆ. ಆ ಪಟ್ಟಿಯನ್ನು ಓದಿ ಮತ್ತೆ ಕಳಿಸುವುದು ನಮ್ಮ ಕೆಲಸ. ಎಲಾಸ್ಟಿಕ್‌ಸರ್ಚ್ ಅಂತೂ ಒಳಗೆ ಕೆಲವು ರೆಕಾರ್ಡ್ ಕೆಟ್ಟಿದ್ದರೂ ಹೊರಗೆ 200, ಅಂದರೆ ಎಲ್ಲ ಸರಿ ಎಂಬ ಉತ್ತರವನ್ನೇ ಕೊಡುತ್ತದೆ. ಒಳಗೆ ಪ್ರತಿ ರೆಕಾರ್ಡಿನ ಫಲಿತಾಂಶ ಬೇರೆ ಬೇರೆ ಬರೆದಿರುತ್ತದೆ. ಹೊರಗಿನ ನಂಬರು ನೋಡಿ ‘ಆಯಿತು’ ಎಂದು ಲ್ಯಾಪ್‌ಟಾಪ್ ಮುಚ್ಚಿದವರಿಗೆ ಅದು ಗೊತ್ತಾಗುವುದೇ ಇಲ್ಲ.

ನನ್ನನ್ನು ಕೇಳಿದರೆ, ಮಳೆ ಲೆಕ್ಕಕ್ಕೆ ಸರಿಯಾದವು ಒಳಗೆ ಹೋಗಲಿ, ಕೆಟ್ಟವನ್ನು ಪಟ್ಟಿ ಮಾಡಿ ಆಮೇಲೆ ನೋಡೋಣ. ಕೂಲಿ, ಮುಂಗಡ, ಬೇರೆ ಹಣದ ಲೆಕ್ಕವಾದರೆ ಹೋದರೆ ಎಲ್ಲ ಹೋಗಬೇಕು, ಇಲ್ಲದಿದ್ದರೆ ಒಂದೂ ಬೇಡ.

ಈಗ ಬಂದು ಕೂತಿರುವ ಜೋಡಿಗಳನ್ನು ತೆಗೆಯಲು, ಎಲ್ಲವನ್ನೂ ಒಮ್ಮೆ ಇಳಿಸಿಕೊಂಡು ತೋಟ ಮತ್ತು ತಾರೀಕಿನ ಪ್ರಕಾರ ಜೋಡಿಸಿ. ಎರಡರ ಅಂಕಿಯೂ ಒಂದೇ ಇದ್ದರೆ ಒಂದನ್ನು ಅಳಿಸಿ. ಅಂಕಿ ಬೇರೆ ಬೇರೆ ಇದ್ದರೆ ಪ್ರೋಗ್ರಾಂ ತೀರ್ಮಾನ ಮಾಡಬಾರದು, ಮಳೆ ಪುಸ್ತಕ ತೆಗೆದು ನೋಡಿ.

ಪುಸ್ತಕದ ಮಾತು ಬಂದದ್ದರಿಂದ ಮೂರು ಎಚ್ಚರಿಕೆ ಹೇಳುತ್ತೇನೆ. ನಮ್ಮಲ್ಲಿ ಮಳೆಯನ್ನು ಇಂಚು, ಸೆಂಟಿನಲ್ಲಿ ಬರೆಯುತ್ತಾರೆ. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. (ನನ್ನ ಅಪ್ಪ ಇವತ್ತಿಗೂ ಮಿಲಿಮೀಟರ್ ಅಂದರೆ ಮುಖ ಸಿಂಡರಿಸುತ್ತಾರೆ.) ‘ಒಂದು ಇಂಚು ಐದು ಸೆಂಟು’ ಎಂಬುದನ್ನು ಟೈಪ್ ಮಾಡುವ ಹುಡುಗ 1.5 ಎಂದು ಹೊಡೆದಿರುತ್ತಾನೆ. ಅದು 1.05 ಆಗಬೇಕು. ಎಪಿಐಗೆ ಎರಡೂ ಒಪ್ಪಿಗೆಯೇ, ಹಾಗಾಗಿ ನೀವೇ ಹಿಡಿಯಬೇಕು. ಆಮೇಲೆ, ಮಳೆ ಬರದ ದಿನ ಸೊನ್ನೆ, ಅಳೆಯದ ದಿನ ಖಾಲಿ. ಎರಡನ್ನೂ ಸೊನ್ನೆ ಮಾಡಿದರೆ ವರ್ಷದ ಲೆಕ್ಕ ಸುಳ್ಳಾಗುತ್ತದೆ. ಮೂರನೆಯದು ತಾರೀಕು. ಹವಾಮಾನ ಇಲಾಖೆ ಬೆಳಿಗ್ಗೆ 8.30ಕ್ಕೆ ಅಳೆದದ್ದನ್ನು ಅದೇ ದಿನದ ತಾರೀಕಿಗೆ ಬರೆಯುತ್ತದೆ. ನಿಮ್ಮ 12 ತೋಟದವರೂ ಹಾಗೇ ಬರೆದಿದ್ದಾರಾ, ಅಥವಾ ಹಿಂದಿನ ದಿನಕ್ಕೆ ಹಾಕಿದ್ದಾರಾ ಕೇಳಿ. ಎಪಿಐಗೆ ತಾರೀಕು ಮಾತ್ರ ಕಳಿಸಿ, ಗಂಟೆ ಬೇಡ. ಗಂಟೆ ಸೇರಿಸಿದರೆ ನಮ್ಮ ಮಧ್ಯರಾತ್ರಿ 12 ಅಂತರರಾಷ್ಟ್ರೀಯ ಸಮಯದಲ್ಲಿ ಹಿಂದಿನ ದಿನದ ಸಂಜೆ 6.30 ಆಗಿ, ಇಡೀ ಪುಸ್ತಕವೇ ಒಂದು ದಿನ ಹಿಂದೆ ಸರಿಯುತ್ತದೆ.

ಪ್ರಶ್ನೆ: ನಮ್ಮ ಹೋಂಸ್ಟೇ ಬುಕಿಂಗ್ ಸಾಫ್ಟ್‌ವೇರ್‌ನಲ್ಲಿ ‘ದಸರಾ 2022’, ‘ಕ್ರಿಸ್‌ಮಸ್ 2023’ ಎಂದೆಲ್ಲ ಗುಂಪು ಮಾಡಿ ಅತಿಥಿಗಳ ರೆಕಾರ್ಡ್ ಇಟ್ಟಿದ್ದೇವೆ. ಹಳೆಯ ಗುಂಪುಗಳನ್ನು ಎಪಿಐಯಲ್ಲಿ ಅಳಿಸಿದರೆ ಒಳಗಿನ ರೆಕಾರ್ಡ್‌ಗಳೂ ಹೋಗುತ್ತವಾ? ಮಗ ಹೋಗುತ್ತೆ ಅಂತಾನೆ, ಸಾಫ್ಟ್‌ವೇರ್ ಕೊಟ್ಟವರು ಹೋಗಲ್ಲ ಅಂತಾರೆ.
(ಹೋಂಸ್ಟೇ ನಡೆಸುವವರು, ಮಡಿಕೇರಿ)

ಉತ್ತರ: ಇಬ್ಬರ ಮಾತೂ ನಂಬಬೇಡಿ. ಕಾರಣ, ಗುಂಪಿನಲ್ಲಿ ಎರಡು ಜಾತಿ ಇದೆ. ಒಂದು, ರೆಕಾರ್ಡ್‌ಗಳು ಅದರೊಳಗೇ ಇರುವಂಥದ್ದು. ಇನ್ನೊಂದು, ಹೊರಗೆ ಇರುವ ರೆಕಾರ್ಡ್‌ಗಳಿಗೆ ಸುಮ್ನೆ ಒಂದು ಹೆಸರಿನ ಚೀಟಿ ಅಂಟಿಸಿದಂಥದ್ದು. ಜಿಮೇಲ್‌ನ ಲೇಬಲ್ ಎರಡನೆಯ ಜಾತಿ. ಲೇಬಲ್ ಅಳಿಸಿದರೆ ಮೇಲ್ ಎಲ್ಲೂ ಹೋಗುವುದಿಲ್ಲ. ಮಾಂಗೋಡಿಬಿ ಡೇಟಾಬೇಸಿನ ಕಲೆಕ್ಷನ್ (ರೆಕಾರ್ಡ್‌ಗಳ ಗುಂಪು) ಮೊದಲನೆಯದು, ಅದನ್ನು ತೆಗೆದರೆ ಒಳಗಿದ್ದದ್ದೆಲ್ಲ ಮಾಯ. ಅಮೆಜಾನಿನ ಕಡತ ಇಡುವ ಸೇವೆ ಎಸ್3 ಇನ್ನೂ ಹುಷಾರಿ. ಬಕೆಟ್ (ಅಲ್ಲಿ ಗುಂಪಿಗೆ ಇರುವ ಹೆಸರು) ಖಾಲಿ ಇಲ್ಲದಿದ್ದರೆ ಅಳಿಸಲು ಬಿಡುವುದೇ ಇಲ್ಲ. ಗೂಗಲ್‌ನ ಡೇಟಾಬೇಸ್ ಫೈರ್‌ಸ್ಟೋರ್‌ನಲ್ಲಿ ಒಂದು ಡಾಕ್ಯುಮೆಂಟ್ (ಅಂದರೆ ರೆಕಾರ್ಡ್) ಅಳಿಸಿದರೆ ಅದರ ಕೆಳಗಿನ ಉಪ ಕಲೆಕ್ಷನ್‌ಗಳು ಹಾಗೇ ಉಳಿಯುತ್ತವೆ, ಯಾರ ಕಣ್ಣಿಗೂ ಬೀಳದೆ!

ಪರೀಕ್ಷೆ ಮಾಡಿ ನೋಡುವುದೇ ಸರಿ. ‘ಪರೀಕ್ಷೆ’ ಎಂದು ಒಂದು ಗುಂಪು ಮಾಡಿ, ಸುಳ್ಳು ಹೆಸರಿನ ಇಬ್ಬರು ಅತಿಥಿಗಳನ್ನು ಹಾಕಿ. ಅವರ ಐಡಿ ಬರೆದಿಟ್ಟುಕೊಳ್ಳಿ. ಗುಂಪು ಅಳಿಸಿ. ಆಮೇಲೆ ಆ ಎರಡು ಐಡಿಗಳನ್ನು ಗೆಟ್‌ನಲ್ಲಿ ಕೇಳಿ. 404, ಅಂದರೆ ‘ಸಿಗಲಿಲ್ಲ’ ಎಂದು ಬಂದರೆ ನಿಮ್ಮ ಮಗ ಗೆದ್ದ.

ಇನ್ನೊಂದು ಮಾತು. ‘2023ಕ್ಕಿಂತ ಹಳೆಯದೆಲ್ಲ ಅಳಿಸು’ ಎಂದು ಷರತ್ತು ಕೊಟ್ಟು ಅಳಿಸುವ ಸೌಲಭ್ಯ ನಿಮ್ಮ ಎಪಿಐಯಲ್ಲಿ ಇದ್ದರೂ ಬಳಸಬೇಡಿ. ಷರತ್ತಿನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೆ ಕೆಲವು ಸರ್ವರ್‌ಗಳು ಷರತ್ತನ್ನೇ ಕಡೆಗಣಿಸುತ್ತವೆ. ಆಗ ಉಳಿಯುವುದು ‘ಎಲ್ಲ ಅಳಿಸು’ ಮಾತ್ರ. ಮೊದಲು ಅದೇ ಷರತ್ತಿನಲ್ಲಿ ಗೆಟ್ ಮಾಡಿ, ಎಷ್ಟು ಬಂತು ಎಣಿಸಿ, ಒಂದು ಪ್ರತಿ ಇಳಿಸಿಟ್ಟು, ಆಮೇಲೆ ಐಡಿಗಳ ಪಟ್ಟಿ ಕೊಟ್ಟು ಅಳಿಸಿ. ಆ ಪಟ್ಟಿಯನ್ನು ಡಿಲೀಟ್ ರಿಕ್ವೆಸ್ಟಿನ ಒಡಲಲ್ಲಿ (ವಿಳಾಸದ ಜೊತೆ ಕಳಿಸುವ ಮಾಹಿತಿಯ ಭಾಗದಲ್ಲಿ) ಇಟ್ಟರೆ ಎಲ್ಲ ಕಡೆ ನಡೆಯುವುದಿಲ್ಲ. ಅಲ್ಲಿ ಇಟ್ಟದ್ದಕ್ಕೆ ಮಾನದಂಡದಲ್ಲಿ ಇಂಥದೇ ಅರ್ಥ ಎಂದಿಲ್ಲ. ಹಾಗಾಗಿಯೇ ಎಸ್3 ಕೂಡ ಗುಂಪಾಗಿ ಅಳಿಸಲು ಪೋಸ್ಟ್ ಇಟ್ಟುಕೊಂಡಿದೆ. ಒಂದು ಸಲಕ್ಕೆ 1,000 ತನಕ ಆಗುತ್ತದೆ.

ಅತಿಥಿಗಳ ಆಧಾರ್ ಕಾರ್ಡಿನ ಫೋಟೊ ಕೂಡ ಆ ರೆಕಾರ್ಡ್‌ಗಳಲ್ಲಿ ಇದೆಯಾ? ನೀವು ಬರೆದಿಲ್ಲ, ಆದರೆ ಇರುತ್ತದೆ ಅಂತ ನನ್ನ ಊಹೆ. ಕಾನೂನು ಇಟ್ಟುಕೊಳ್ಳಲು ಹೇಳಿದ ಅವಧಿ ಮುಗಿದ ಮೇಲೆ ಅದನ್ನು ಇಟ್ಟುಕೊಂಡು ಕೂರುವುದು ನಿಮಗೇ ಹೊರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ದಾರಿಯೂ ಅದೇ: ಉದ್ದೇಶ ಮುಗಿದರೆ ಅಳಿಸಿ.

ಪ್ರಶ್ನೆ: ನಾನು ಬಿಸಿಎ ಓದುತ್ತಿದ್ದೇನೆ. ಪ್ರಾಜೆಕ್ಟಿಗೆ 1,000 ಪರೀಕ್ಷಾ ರೆಕಾರ್ಡ್ ಹಾಕಿದ್ದೆ. ಪುಟಕ್ಕೆ ನೂರರಂತೆ ತರಿಸಿಕೊಂಡು, ಪ್ರತಿ ಪುಟವನ್ನೂ ಅಳಿಸುತ್ತಾ ಹೋದೆ. ಕೊನೆಗೆ ನೋಡಿದರೆ 500 ಹಾಗೇ ಇವೆ. ಎರರ್ ಒಂದೂ ಬರಲಿಲ್ಲ.
(ವಿದ್ಯಾರ್ಥಿನಿ, ಪೊನ್ನಂಪೇಟೆ)

ಉತ್ತರ: ಸರಿಯಾಗಿ ಅರ್ಧ ಉಳಿದಿದೆ ಎಂದು ಬರೆದದ್ದು ಒಳ್ಳೆಯದಾಯಿತು, ಅದರಲ್ಲೇ ಉತ್ತರ ಇದೆ. ಮೊದಲ ಪುಟ ಅಳಿಸಿದಿರಿ, 1ರಿಂದ 100 ಹೋಯಿತು. ಉಳಿದವೆಲ್ಲ ಮುಂದೆ ಸರಿದವು. 101ನೆಯದು ಈಗ ಮೊದಲನೆಯದು. ಆಗ ನೀವು ‘ಎರಡನೇ ಪುಟ ಕೊಡು’ ಎಂದಿರಿ. ಸರ್ವರ್ ಮೊದಲ ನೂರನ್ನು ಬಿಟ್ಟು ಮುಂದಿನದು ಕೊಟ್ಟಿತು, ಅಂದರೆ ಮೂಲದ 201ರಿಂದ 300. ಮಧ್ಯದ ನೂರು ತಪ್ಪಿಸಿಕೊಂಡಿತು. ಹೀಗೇ ಐದು ಪುಟ ಆದ ಮೇಲೆ 500 ಉಳಿದಿರುತ್ತದೆ, ಆರನೇ ಪುಟ ಕೇಳಿದರೆ ಖಾಲಿ. ಪ್ರೋಗ್ರಾಂ ಖುಷಿಯಿಂದ ನಿಲ್ಲುತ್ತದೆ.

ಸುಲಭದ ದಾರಿ: ಅಳಿಸುವಾಗ ಯಾವಾಗಲೂ ಮೊದಲ ಪುಟವನ್ನೇ ಕೇಳಿ, ಖಾಲಿ ಬರುವ ತನಕ. ಆದರೆ ಅಳಿಸಲಾಗದ ಒಂದು ಪುಟ ಸಿಕ್ಕಿಬಿದ್ದರೆ ಪ್ರೋಗ್ರಾಂ ಅಲ್ಲೇ ಸುತ್ತುತ್ತದೆ, ಹಾಗಾಗಿ ಒಂದು ಮಿತಿ ಹಾಕಿ. ನನಗೆ ಇಷ್ಟದ ದಾರಿ, ಮೊದಲು ಎಲ್ಲ ಐಡಿಗಳನ್ನೂ ಒಟ್ಟುಮಾಡಿಕೊಂಡು ಆಮೇಲೆ ಅಳಿಸಲು ಶುರುಮಾಡುವುದು.

ಕರ್ಸರ್ ಕೊಡುವ ಎಪಿಐಗಳಲ್ಲಿ ಈ ತೊಂದರೆ ಕಡಿಮೆ. ‘ಎರಡನೇ ಪುಟ’ ಎನ್ನುವ ಬದಲು ‘ಈ ರೆಕಾರ್ಡ್ ಆದ ಮೇಲಿನದು’ ಎಂದು ಕೇಳುತ್ತೇವೆ. ಮುಂದಿನವು ಸರಿದರೂ ಗುರುತು ತಪ್ಪುವುದಿಲ್ಲ. ಅಂದಹಾಗೆ, ಪಟ್ಟಿ ಓದುವಾಗಲೂ ಜೋಡಿಸುವ ಕ್ರಮ ಹೇಳದೆ ಪುಟ ಕೇಳಬೇಡಿ. ಕ್ರಮ ಹೇಳದಿದ್ದರೆ ಡೇಟಾಬೇಸ್ ತನಗೆ ಬೇಕಾದ ಹಾಗೆ ಕೊಡಬಹುದು. ವೈವಾದಲ್ಲಿ ಇದನ್ನು ಕೇಳಿಯೇ ಕೇಳುತ್ತಾರೆ.

ಪ್ರಶ್ನೆ: ಅಕ್ಕ, ಯುರೋಪಿಗೆ ಕಾಫಿ ಕಳಿಸಲು ತೋಟದ ಜಾಗದ ಗುರುತು ಬೇಕಂತೆ. ನಮ್ಮ ಗುಂಪಿನ ಸಣ್ಣ ಬೆಳೆಗಾರರ ಎಲ್ಲ ತೋಟಗಳ ಜಿಯೋಜೇಸನ್ (ಜಾಗದ ಗುರುತು ಬರೆಯುವ ಮಾದರಿ) ಕಡತ ಮಾಡಿ ಅಪ್‌ಲೋಡ್ ಮಾಡಿದರೆ ಮ್ಯಾಪಿನಲ್ಲಿ ಎಲ್ಲವೂ ಸಮುದ್ರದಲ್ಲಿ ಕಾಣುತ್ತವೆ.
(ಸುಂಟಿಕೊಪ್ಪ)

ಉತ್ತರ: ಉತ್ತರ ಧ್ರುವದ ಕಡೆ, ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳ ಹತ್ತಿರ ತಾನೇ? ಅಕ್ಷಾಂಶ, ರೇಖಾಂಶ ಅದಲುಬದಲಾಗಿದೆ. ಮಡಿಕೇರಿ ಇರುವುದು ಸುಮಾರು 12.4 ಉತ್ತರ, 75.7 ಪೂರ್ವದಲ್ಲಿ. ನಾವೆಲ್ಲ ಬಾಯಲ್ಲಿ ಅಕ್ಷಾಂಶ ಮೊದಲು ಹೇಳುತ್ತೇವೆ, ಜಿಯೋಜೇಸನ್‌ನಲ್ಲಿ ರೇಖಾಂಶ ಮೊದಲು ಬರಬೇಕು. 75.7 ಮೊದಲು, 12.4 ಆಮೇಲೆ. ಎಲ್ಲವೂ ಒಟ್ಟಿಗೆ ತಪ್ಪಿರುವುದರಿಂದ ಪ್ರೋಗ್ರಾಂನಲ್ಲಿ ಒಂದೇ ಸಾಲು ತಿದ್ದಿದರೆ ಸಾಕು. ಐರೋಪ್ಯ ನಿಯಮದ ಪ್ರಕಾರ 4 ಹೆಕ್ಟೇರಿಗಿಂತ ದೊಡ್ಡ ತೋಟಕ್ಕೆ ಸುತ್ತಲಿನ ಗಡಿ ಪೂರ್ತಿ ಬೇಕು, ಅದಕ್ಕಿಂತ ಚಿಕ್ಕದಕ್ಕೆ ಒಂದು ಬಿಂದು ಸಾಕು. ದಶಮಾಂಶದ ನಂತರ ಆರು ಅಂಕಿ ಇರಲಿ.

ಪ್ರಶ್ನೆ: ಬೆಳೆಗಾರರ ಕಂಪನಿಯ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಸದಸ್ಯರ ಫೋನ್ ನಂಬರುಗಳನ್ನು ಎಪಿಐಯಲ್ಲಿ ಒಟ್ಟಿಗೆ ತಿದ್ದಿದೆವು. ನಂಬರು ಬಂತು, ಆದರೆ ಸರ್ವೆ ನಂಬರು, ಚೀಲದ ಲೆಕ್ಕ ಎಲ್ಲ ಖಾಲಿಯಾಗಿದೆ. ಬ್ಯಾಕಪ್ ಇತ್ತು, ಬಚಾವಾದೆವು. ಯಾಕೆ ಹೀಗಾಯಿತು?
(ಗೋಣಿಕೊಪ್ಪಲು)

ಉತ್ತರ: ಪುಟ್ ಬಳಸಿದ್ದೀರಿ. ಮೇಲೆ ನಾಪೋಕ್ಲುವಿನವರಿಗೆ ಪುಟ್ ಬಳಸಿ ಎಂದೆ, ನಿಮಗೆ ಬೇಡ ಎನ್ನುತ್ತೇನೆ. ಅವರ ಹತ್ತಿರ ಪೂರ್ತಿ ರೆಕಾರ್ಡ್ ಇದೆ. ನಿಮ್ಮ ಹತ್ತಿರ ಇದ್ದದ್ದು ಫೋನ್ ನಂಬರು ಮಾತ್ರ. ಪುಟ್‌ಗೆ ನೀವು ಕೊಟ್ಟದ್ದೇ ಪೂರ್ತಿ ರೆಕಾರ್ಡ್. ಕೊಡದ ಕಾಲಂಗಳು ಇಲ್ಲವೆಂದೇ ಅರ್ಥ. ಸ್ವಲ್ಪ ಮಾತ್ರ ತಿದ್ದಲು 2010ರಲ್ಲಿ ಪ್ಯಾಚ್ ಎಂಬ ವಿಧಾನ ಮಾನದಂಡಕ್ಕೆ ಸೇರಿತು. ಅದನ್ನು ಬಳಸಿ. ಒಂದು ಎಚ್ಚರ: ಪ್ಯಾಚ್‌ನಲ್ಲಿ ಕಾಲಂ ಹೆಸರನ್ನೇ ಬರೆಯದಿದ್ದರೆ ‘ಮುಟ್ಟಬೇಡ’ ಎಂದು. ಹೆಸರು ಬರೆದು ನಲ್ (‘ಏನೂ ಇಲ್ಲ’ ಎಂಬ ಗುರುತು) ಕೊಟ್ಟರೆ ಹೆಚ್ಚಿನ ಕಡೆ ‘ತೆಗೆದುಹಾಕು’ ಎಂದು. ಎಕ್ಸೆಲ್‌ನ ಖಾಲಿ ಕೋಶಗಳು ಜೇಸನ್‌ಗೆ (ಎಪಿಐಗೆ ಮಾಹಿತಿ ಕಳಿಸುವ ಮಾದರಿಗೆ) ಬದಲಾಗುವಾಗ ನಲ್ ಆಗಿ ಹೋಗುವುದುಂಟು. ಕಳಿಸುವ ಮುಂಚೆ ಅವನ್ನು ಕಿತ್ತುಹಾಕಿ.

ಕಚೇರಿ ಅಂದಿರಿ, ಹಾಗಾದರೆ ಇಬ್ಬರು ಮೂವರು ಒಟ್ಟಿಗೆ ತಿದ್ದುತ್ತಿರುತ್ತೀರಿ ಅಲ್ವಾ? ಜನವರಿಯಿಂದ ರೋಬಸ್ಟಾ ಬರುವಾಗ ಒಬ್ಬರು ಚೀಲ ಸೇರಿಸುತ್ತಾರೆ, ಇನ್ನೊಬ್ಬರು ಹಳೆಯ ಲೆಕ್ಕವನ್ನೇ ತೆರೆದಿಟ್ಟುಕೊಂಡು ಅದರ ಮೇಲೆ ಬರೆಯುತ್ತಾರೆ. ಮೊದಲಿನವರು ಸೇರಿಸಿದ್ದು ಹೋಯಿತು. ಇದಕ್ಕೆ ಇಟ್ಯಾಗ್ ಇದೆ. ರೆಕಾರ್ಡ್ ತರಿಸಿಕೊಂಡಾಗ ಅದರ ಆವೃತ್ತಿಯ ಗುರುತು ಜೊತೆಗೆ ಬರುತ್ತದೆ. ವಾಪಸ್ ಕಳಿಸುವಾಗ ‘ಇಫ್-ಮ್ಯಾಚ್’ ಎಂದು ಅದೇ ಗುರುತು ಕೊಡಿ. ಮಧ್ಯೆ ಬೇರೆಯವರು ತಿದ್ದಿದ್ದರೆ ಸರ್ವರ್ 412 ಎಂದು ವಾಪಸ್ ಮಾಡುತ್ತದೆ. ನಿಮ್ಮ ಸಾಫ್ಟ್‌ವೇರ್‌ನವರು ಇದನ್ನು ಕೊಟ್ಟಿಲ್ಲದಿದ್ದರೆ ಗಟ್ಟಿಯಾಗಿ ಕೇಳಿ. ಚೀಲ 50 ಕೆಜಿಯದು, ಒಂದು ಚೀಲ ಕಾಣೆಯಾದರೂ ಸಣ್ಣ ದುಡ್ಡಲ್ಲ.

ಪ್ರಶ್ನೆ: ವಿಳಾಸದಲ್ಲಿ ‘ಕೊಡಗು’ ಇರುವ ರೆಕಾರ್ಡ್‌ಗಳನ್ನು ಎಪಿಐಯಲ್ಲಿ ಹುಡುಕಿದರೆ ಅರ್ಧ ಮಾತ್ರ ಸಿಗುತ್ತದೆ. ಕಣ್ಣಿಗೆ ಎಲ್ಲವೂ ಒಂದೇ ಥರ ಕಾಣುತ್ತದೆ.
(ಶನಿವಾರಸಂತೆ)

ಉತ್ತರ: ‘ಕೊ’ ಅಕ್ಷರದ ಕೊಂಬಿನಲ್ಲಿದೆ ತೊಂದರೆ. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಕೋಡ್ ನಂಬರು ಕೊಡುವ ಯೂನಿಕೋಡ್‌ನಲ್ಲಿ ‘ಒ’ ಸ್ವರದ ಚಿಹ್ನೆಗೆ ಒಂದೇ ಕೋಡ್ ಇದೆ. ಅದನ್ನೇ ‘ಎ’ ಚಿಹ್ನೆ, ‘ಊ’ ಚಿಹ್ನೆ ಜೋಡಿಸಿ ಎರಡು ಕೋಡ್‌ನಲ್ಲೂ ಬರೆಯಬಹುದು. ತೆರೆಯ ಮೇಲೆ ವ್ಯತ್ಯಾಸ ಕಾಣುವುದಿಲ್ಲ, ಹೋಲಿಸಿ ನೋಡುವ ಪ್ರೋಗ್ರಾಂಗೆ ಎರಡೂ ಬೇರೆ. ‘ಈ’, ‘ಏ’, ‘ಐ’, ‘ಓ’ ಚಿಹ್ನೆಗಳಿಗೂ ಇದೇ ಕಥೆ. ಬೇರೆ ಬೇರೆ ಕಡೆಯಿಂದ ಬಂದ ಕಡತಗಳನ್ನು ಸೇರಿಸಿದಾಗ ಎರಡೂ ಥರ ಬೆರೆತುಹೋಗುತ್ತದೆ. ಒಳಗಿರುವ ರೆಕಾರ್ಡ್‌ಗಳನ್ನು ಒಮ್ಮೆ ಎನ್‌ಎಫ್‌ಸಿ ರೂಪಕ್ಕೆ (ಇಂಥ ಜೋಡಿಗಳನ್ನು ಒಂದೇ ಕೋಡ್ ಮಾಡುವ ರೂಪ) ತಿರುಗಿಸಿ ಕಂತೆಯಾಗಿ ವಾಪಸ್ ಹಾಕಿ. ಪೈಥಾನ್, ಜಾವಾಸ್ಕ್ರಿಪ್ಟ್ ಎರಡರಲ್ಲೂ ಇದು ಒಂದು ಸಾಲಿನ ಕೆಲಸ. ಹುಡುಕುವ ಪದವನ್ನೂ ಕಳಿಸುವ ಮುಂಚೆ ಹಾಗೇ ತಿರುಗಿಸಿ.

ಅಷ್ಟು ಮಾಡಿಯೂ ಕೆಲವು ಸಿಗದಿದ್ದರೆ ಅವು ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಯೂನಿಕೋಡ್ ಅಲ್ಲದ ಕಡತಗಳಿಂದ ಬಂದಿರಬಹುದು. ಅವನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಯೇ ಸೇರಿಸಬೇಕು. ಇನ್ನು ಹೆಸರಿನ ಕಾಲಂಗೆ 50 ಬೈಟ್ ಮಿತಿ ಇದ್ದರೆ ಅದನ್ನೂ ಹೆಚ್ಚಿಸಿಕೊಳ್ಳಿ. ಯೂನಿಕೋಡನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಕೋಡ್‌ಗೂ 3 ಬೈಟ್ ಬೇಕು. ‘ಕೊಡಗು’ ಒಂದಕ್ಕೇ 15 ಆಯಿತು, ಮನೆತನದ ಹೆಸರು ಸೇರಿಸಿ ಬರೆದರೆ 50 ಸಾಲುವುದಿಲ್ಲ.